ಹುಲ್ಲು ಕಾಯೋ ಅಳಿಯ

…ಏನಂದೆ? ಇನ್ನೊಂದ್ಸಲ ಹೇಳು! ಸಮುದ್ರದೊಳಗೆ ಹುಲ್ಲು ಕಾಯ್ತೀಯಾ? ಅದಕ್ಕೆ ಸರ್ಕಾರ ಸಂಬಳಾನೂ ಕೊಡುತ್ತಾ? ಅಯ್ಯಯ್ಯೋ… ತಡಿ, ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯ್ತು. ಅಲ್ಲಯ್ಯಾ, ಇರೋ ಒಬ್ಬಳೇ ಮಗಳನ್ನ ಕೇಳ್ಕೊಂಡು ಸೀದಾ ನನ್ನ ದೋಣಿ ಶೆಡ್ಡಿಗೇ ಬಂದಿದ್ದೀಯ. ನಾಳೆ ನೆಂಟರು "ಅಳಿಯ ಏನ್ಮಾಡ್ತಾನೆ" ಅಂದ್ರೆ ಏನನ್ಲಿ? "ಹುಲ್ಲು ಕಾಯ್ತಾನೆ" ಅನ್ಲಾ? "ಓಹೋ, ಹಸು ಎಷ್ಟಿವೆ" ಅಂತಾರೆ!

ಗೊತ್ತು, ಗೊತ್ತು ಬಿಡು. ಮೀನಿನ ಮರಿ ಅಲ್ಲೇ ಅಡಗೋದು, ಅದರ ಬೇರೇ ಮರಳು ಹಿಡ್ಕೊಂಡಿರೋದು… ಊಟಕ್ಕೆ ಕೂತಾಗೆಲ್ಲ ಮಗಳದ್ದೂ ಇದೇ ಪಾರಾಯಣ. "ಅಪ್ಪಾ, ಅದು ಪಾಚಿ ಅಲ್ಲ, ಹೂ ಬಿಡೋ ಗಿಡ" ಅಂತಾಳೆ. ಬಿಟ್ರೆ ಬಿಡ್ಲಿ, ಮೀನು ಮೂಸಿ ನೋಡ್ಲಿ ಅಂದೆ. ಎರಡು ದಿನ ಮಾತೇ ಬಿಟ್ಳು!

ಮುಖ ಯಾಕೆ ಹಂಗ್ಮಾಡ್ತೀಯ? ಏನು… ಯಾರೋ ಕೀಳ್ತಿದ್ದಾರಾ? ಹುಲ್ಲಿನ ಮೇಲೆ ಲಂಗರು ಬಿಟ್ಟು, ದರದರ ಎಳೆದು, ತಲೆ ಬೋಳಿಸಿದ ಹಾಗೆ ಮಾಡಿದ್ದಾರಾ? ಛೆ ಛೆ ಛೆ! ಸಿಕ್ಕಿದ್ರೆ ಬಿಡಬೇಡ, ಲೈಸೆನ್ಸೇ ಕಿತ್ಕೋ! ಪ್ರವಾಸಿಗಳನ್ನ ಕೂರಿಸ್ಕೊಂಡು ದೋಣಿ ಓಡಿಸೋರು ನಾವು, ನಮಗೂ ಮಾನ ಮರ್ಯಾದೆ ಬೇಡ್ವಾ? ಯಾರು, ನಾನಾ? ಆ ಕಡೆ ತಲೆ ಹಾಕಿಯೂ ಮಲಗಲ್ಲ ಕಣಯ್ಯಾ!

ಸರಿ, ನೆಟ್ಟಗೆ ಹೇಳ್ಬಿಡ್ತೀನಿ. ಹುಡುಗ ಒಳ್ಳೆಯವನೇ. ಆದ್ರೆ ನನ್ನ ಮಗಳು… ಬೇಡ. ಬೇರೆ ಹೆಣ್ಣು ನೋಡ್ಕೋ. ಅವಳು ಅತ್ತರೂ ಅಷ್ಟೆ, ಉಪವಾಸ ಕೂತರೂ ಅಷ್ಟೆ. ನಂದು ಒಂದೇ ಮಾತು.

ಎಲ್ಲಿ ನೋಡ್ತಿದ್ದೀಯ? ನಾನಿಲ್ಲಿದ್ದೀನಿ! ನನ್ನ ಬೆನ್ನ ಹಿಂದೆ ಏನಿದೆ… ಲಂಗರು. ಯಾವತ್ತೂ ಲಂಗರು ನೋಡಿಲ್ವಾ? ಈಗಷ್ಟೇ ದೋಣಿಯಿಂದ ಇಳಿಸಿದೆ, ಅದಕ್ಕೇ ಒದ್ದೆ… ಏ, ಮುಟ್ಟಬೇಡ! ಕೈ ಗಲೀಜಾಗುತ್ತೆ. ಅದು… ಪಾಚಿ. ಬರೀ ಪಾಚಿ. ಯಾಕೆ, ಪಾಚಿಗೆ ಬೇರಿರಬಾರ್ದಾ? ಎಲ್ಲಿಂದಲೋ ತೇಲ್ಕೊಂಡು ಬಂದು ಸಿಕ್ಕಾಕ್ಕೊಂಡಿರ್ಬೇಕು… ಅದನ್ಯಾಕೆ ಬಿಡಿಸಿ ಚೀಲಕ್ಕೆ ಹಾಕ್ಕೊಳ್ತಿದ್ದೀಯ? ಬೇಕಾದ್ರೆ ಬೈದ್ಬಿಡಯ್ಯಾ…

ಅಲ್ಲ, ಕೂತ್ಕೊಳ್ಳಿ. ನಿಂತೇ ಇದ್ದೀರಲ್ಲ! ಮಗಳೇ, ಕುಡಿಯೋಕೆ ಏನಾದ್ರೂ ತಗೊಂಡ್ಬಾರಮ್ಮಾ! ನೋಡಿ… ಈ ಕಾಲದಲ್ಲಿ ನಿಮ್ಮಂಥ ಪ್ರಾಮಾಣಿಕರು ಎಲ್ಲಿ ಸಿಗ್ತಾರೆ? ಮದುವೆ ಮುಂದಿನ ತಿಂಗಳೇ ಇಟ್ಕೊಳ್ಳೋಣ, ಆಗಬಹುದಾ? ಖರ್ಚೆಲ್ಲ ನಂದೇ… ಬಾಗಿಲ ಕಡೆ ಯಾಕೆ ಹೊರಟ್ರಿ? ನಿಲ್ಲಿ, ನಿಲ್ಲಿ… ಅಳಿಯಂದ್ರೇ! ಹೋಗೋದಾದ್ರೆ ಹೋಗಿ… ಆ ಹುಲ್ಲು ಇಲ್ಲೇ ಬಿಟ್ಟು ಹೋಗಿ!