ಬಿದ್ದ ದಿನಗಳು

ಪೆರಿಯಕುಳಂ ಠಾಣೆಯ ಬೆಂಚಿನಲ್ಲಿ ಕಳೆದ ಫೋನಿನ ದೂರು ಹಿಡಿದು ಕೂತಿದ್ದ ಮಣಿಮೇಗಲೈಗೆ ಪಕ್ಕದ ಅಕ್ಕತಂಗಿಯರ ಮಾತು ಕಿವಿಗೆ ಬಿತ್ತು. ಸುತ್ತಲಿನವರಿಗೆ ತಿಳಿಯದಿರಲೆಂದು ಅವರು ಮನೆಯ ಕನ್ನಡದಲ್ಲಿ ಮಾತಾಡುತ್ತಿದ್ದರು. ಮಣಿಮೇಗಲೈಯದೂ ಅದೇ ಮನೆಮಾತು. ಅಕ್ಕ ಸೆರಗಿನಿಂದ ತುಟಿ ಮುಚ್ಚಿಕೊಂಡಿದ್ದಳು; ಸೆರಗು ಸರಿದಾಗ ತುಟಿಯ ಹೊಲಿಗೆ ಕಾಣುತ್ತಿತ್ತು. ತಂಗಿಯ ಮಡಿಲಲ್ಲಿ ಲ್ಯಾಪ್‌ಟಾಪ್ ಇತ್ತು.

"ಒಂದೊಂದು ತಾರೀಕಿಗೂ ಆವತ್ತಿನ ಗಾಯದ ಕಾರಣ ಹಾಕಿದ್ದೀನಿ. ಕಂಪ್ಯೂಟರ್ ಕ್ಲಾಸಲ್ಲಿ ಇಂಥ ಪಟ್ಟೀನ ಡಿಕ್ಷನರಿ ಅಂತಾರೆ. ಕಾರಣ 'ಹೊಡೆತ' ಅಂತಿರೋ ತಾರೀಕು ಮಾತ್ರ ಕೊಡು ಅಂದೆ. ಮೂರು ಬಂತು."

"ಮೂರೇನೇ? ಕೈ ಮುರಿದದ್ದೇ ಎರಡು ಸಲ."

"ಆಸ್ಪತ್ರೆ ಚೀಟಿಲಿ ನೀನು ಬರೆಸಿದ್ದನ್ನೇ ಹಾಕಿದೆ ಅಕ್ಕಾ. ಉಳಿದ ಹನ್ನೊಂದಕ್ಕೂ 'ಬಿದ್ದೆ' ಅಂತಿದೆ."

"ಅತ್ತೆ ಪಕ್ಕದಲ್ಲೇ ನಿಂತಿರ್ತಿದ್ರು."

"ಇಲ್ಲಿ, ತುರಿಯೋ ಮಣೆ ಮೇಲೆ ಬಿದ್ಯಾ?"

"ಅದನ್ನ ತಲೆಗೆ ಬೀಸಿದ್ರು."

"ಅಂಥ ಗಂಡಂಗೆ ಮರ್ಯಾದೆ ಬೇರೆ."

"ಬೀಸಿದ."

ತಂಗಿ 'ಬಿದ್ದೆ' ಅಳಿಸಿ 'ಹೊಡೆತ' ಅಂತ ಬರೆದಳು. "ಇದು?"

"ಮೋಟಾರ್ ರೂಮಿಗೆ ಎಳೆದು, ಬೆಲ್ಟಲ್ಲಿ."

"ಇದು?"

"ಬಾಗಿಲ ಸಂದಿಗೆ ಬೆರಳಿಟ್ಟು ಒತ್ತಿದ."

ಹೀಗೇ ಒಂದೊಂದಾಗಿ ಬದಲಾಗುತ್ತಿತ್ತು. ಒಳಗಿಂದ ಅಕ್ಕನ ಹೆಸರು ಕೂಗಿದರು. ತಂಗಿ ಅವಸರದಲ್ಲಿ ಉಳಿದವಕ್ಕೆಲ್ಲ ಕೇಳದೆಯೇ 'ಹೊಡೆತ' ಅಂತ ಹಾಕಿದಳು.

"ಈಗ ಹದಿನಾಲ್ಕೂ ಬಂತು."

"ಹದಿಮೂರು ಮಾಡು. ಬಾಳೆತೋಟದ ಕಾಲುವೇಲಿ ಒಂದ್ಸಲ ನಿಜವಾಗೂ ಬಿದ್ದಿದ್ದೆ."

ಅಕ್ಕ ತುಟಿ ಮುಚ್ಚಿದ್ದ ಸೆರಗು ಇಳಿಸಿ ಒಳಗೆ ನಡೆದಳು.