ಕಣ್ಣು ಮಾತ್ರ ಬಾಕಿ

ಬಸ್ಸು ನಿಂತಿದ್ದರೂ ಮುಂದಿನ ಸೀಟಿನ ಹುಡುಗಿಯ ಮಡಿಲಲ್ಲಿ ಬಣ್ಣದ ಡಬ್ಬ ಗಡಗಡ ಅನ್ನುವುದು ಹಿಂದೆ ಕೂತಿದ್ದ ಮೆಕ್ಯಾನಿಕ್ಕಿಗೆ ಕೇಳಿಸಿತು. ಪಕ್ಕದಲ್ಲಿ ಅವಳಣ್ಣ.

"ಇಳಿಯೇ, ಆಸ್ಪತ್ರೆ ಬಂತು."

"ಆಗಲ್ಲ ಅಣ್ಣ, ನಾನು ಇಳಿಯಲ್ಲ."

"ಆಸ್ಪತ್ರೆ ಗೋಡೆ ತುಂಬ ಮಕ್ಕಳ ಮುಖ ಬರೆದಿದ್ದೀಯ. ಕಣ್ಣು ಮಾತ್ರ ತಾನೆ ಬಾಕಿ?"

"ಹೆದರಿಕೊಂಡೇ ಕಣ್ಣು ಬರೆಯದೆ ಬಿಟ್ಟಿದ್ದು. ಹೋದ ಸಲ ಡ್ರಾಯಿಂಗ್ ಮೇಷ್ಟ್ರು ಎಲ್ಲರೆದುರು ‘ಹೆಣದ ಕಣ್ಣು’ ಅಂತ ನಾ ಬರೆದದ್ದರ ಮೇಲೆ ಸುಣ್ಣ ಬಳಿಸಿಬಿಟ್ರಲ್ಲ!"

"ಅವರ ಬಾಯಿಗೆ ಮಣ್ಣು ಬೀಳ! ಮತ್ತೆ ಕುಂಚ ಯಾಕೆ ಹಿಡಿದೆ?"

"ಬರೆಯದೆ ಇರೋಕಾಗಲಿಲ್ಲ. ಹಿಟ್ಟು ಕಲಸುವಾಗಲೂ ಬೆರಳು ಮುಖಾನೇ ಬರೀತಿತ್ತು."

"ಹಾಗಾದ್ರೆ ನಡಿ."

"ಇವತ್ತೂ ಮೇಷ್ಟ್ರು ನೋಡೋಕೆ ಬರ್ತಾರಂತೆ."

ಕಂಡಕ್ಟರ್ ವಿಸಿಲ್ ಊದಿದ. ಅವಳು ದಡಬಡಿಸಿ ಎದ್ದು ಮೆಟ್ಟಿಲಿಳಿದಳು.

"ನೀನು ಆಸ್ಪತ್ರೆ ಬಾಗಿಲಲ್ಲೇ ನಿಂತಿರು, ಅಣ್ಣ. ಅವರು ಬಂದ್ರೆ, ಕಣ್ಣು ಬರೆದು ಮುಗಿಯೋವರೆಗೆ ನನಗೆ ಹೇಳಬೇಡ."