ರಾಕ್ಷಸನ ಹೆಜ್ಜೆಗೆ ಮಗ್ಗದ ಸಪ್ಪಳ

ಜಮಖಂಡಿ ಬಸ್ ನಿಲ್ದಾಣದಲ್ಲಿ ತೇರದಾಳದ ಬಸ್ಸಿಗೆ ಕಾದು ಕುಳಿತಿದ್ದ ತಾತ್ಯಾಸಾಹೇಬರ ಪಕ್ಕದಲ್ಲೇ ಬನಹಟ್ಟಿಯ ನೇಕಾರ ಮುದುಕಿಯೊಬ್ಬಳು ಜೊತೆಗೆ ಕುಳಿತಿದ್ದ ಮೊಮ್ಮಗಳ ಮೊಬೈಲನ್ನು ಕಿವಿಗೆ ಹಿಡಿದು ಏನನ್ನೋ ಆಲಿಸುತ್ತಿದ್ದಳು. ಹುಡುಗಿ ಮೊಬೈಲ್ ಆಟಗಳಿಗೆ ಸಂಗೀತ ಕಟ್ಟುವವಳೆಂದು ಅವರ ಮಾತಿನಿಂದಲೇ ತಿಳಿಯಿತು.

“ರಾಧಿಕಾ, ಇದು ನನ್ನ ಮಗ್ಗ ಅಲ್ಲೇನ?”

“ಹೌದ ಆಯಿ. ದೀಪಾವಳಿಗೆ ಬಂದಾಗ ರೆಕಾರ್ಡ ಮಾಡಿದ್ನಲ್ಲ. ಆಟದಾಗ ರಾಕ್ಷಸ ಬರೂಮುಂದ ಇದ ಕೇಳತೈತಿ.”

“ರಾಕ್ಷಸಗ? ನನ್ನ ಮಗ್ಗ ಯಾರನ್ನ ತಿಂದಿತ್ತಬೇ?”

“ಬರೇ ಸಪ್ಪಳ ಆಯಿ. ಕೇಳಿದ ಕೂಡ್ಲೆ ಹುಡುಗೂರು ಅಂಜಿ ಓಡತಾವು.”

“ಅಂಜತಾವ? ಆ ಮಗ್ಗದ ಬಾಜೂಕ ತೊಟ್ಟಲಾ ಕಟ್ಟಿ ನಿನ್ನ ಮಲಗಸೀನಿ. ಮಗ್ಗ ನಿಂತರ ನೀ ಚೀರಿ ಏಳತಿದ್ದಿ. ಈಗ ಊರ ಮಂದೀಗೆಲ್ಲ ಅದನ್ನ ದೆವ್ವಾ ಮಾಡಿ ತೋರಸ್ತಿಯೇನ?”

“ಸೋಮವಾರ ಆಟ ಹೊರಗ ಬರತೈತಿ. ಈಗ ತಗದ್ರ ನಮ್ಮ ಆಫೀಸಿನ ಸಾಹೇಬ್ರು ಬೈತಾರ.”

“ಬೈಲಿ. ನಾ ಬೈಯೂದು ನಿನಗ ಕೇಳೂದಿಲ್ಲೇನ? ಆಟದಾಗ ಹೋರಾಡಾಂವ ದಣದ್ರ ಎಲ್ಲಿ ಮಲಗತಾನ?”

“ಒಂದ ಗುಡಸಲ ಐತಿ. ಅಲ್ಲಿ ಹೋದ್ರ ಅವಗ ಮತ್ತ ಜೀವ ತುಂಬತೈತಿ.”

“ಅಲ್ಲಿ ಹಚ್ಚ ನನ್ನ ಮಗ್ಗ.”

“ಮತ್ತ ರಾಕ್ಷಸಗ?”

“ನಿಮ್ಮಪ್ಪನ ಗೊರಕಿ ಹಚ್ಚು!”

ತಾತ್ಯಾಸಾಹೇಬರು ಟೋಪಿ ಸರಿಮಾಡಿಕೊಳ್ಳುವ ನೆಪದಲ್ಲಿ ನಗು ಮರೆಸಿದರು. ಅಷ್ಟರಲ್ಲಿ ಬನಹಟ್ಟಿಯ ಬಸ್ಸು ಬಂತು. ಮುದುಕಿ ಮಾತ್ರ ಅಲುಗಲಿಲ್ಲ.

“ಮೊದಲ ನಿಮ್ಮ ಸಾಹೇಬಗ ಫೋನ ಹಚ್ಚು. ಆಮ್ಯಾಲ ಬಸ್ ಹತ್ತೂನು.”

ಹುಡುಗಿ ಫೋನ್ ಹಚ್ಚಿದಳು. ಆ ಕಡೆಯವರು ಎತ್ತಿಕೊಂಡ ಮೇಲೆಯೇ ಮುದುಕಿ ಚೀಲ ಹಿಡಿದು ಎದ್ದಳು. ಗದ್ದಲದಲ್ಲಿ ದೂರವಾಗುತ್ತಿದ್ದ ಹುಡುಗಿಯ ದನಿ ತಾತ್ಯಾಸಾಹೇಬರಿಗೆ ಇಷ್ಟೇ ಕೇಳಿಸಿತು:

“ರಾಕ್ಷಸಗ ಬ್ಯಾರೇದ ಮಾಡಿ ಕೊಡತೇನ್ರಿ ಸರ್... ಇಲ್ರಿ, ಅದು ಅಂಜೂ ಸಪ್ಪಳಾನ ಅಲ್ರಿ.”